ಮುಂದಿನ ಚಕ್ರ ಹಿಡಿದುಕೊಂಡಾಗ

ತೆರಕಣಾಂಬಿ ದಾಟಿ ಸ್ವಲ್ಪ ದೂರ ಬಂದಿದ್ದೆ. ಮೂಗಿಗೆ ಏನೋ ಸುಟ್ಟ ವಾಸನೆ ಬಡಿಯಿತು. ಪಕ್ಕದ ಹೊಲದಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟಿರಬೇಕು ಅಂದುಕೊಂಡೆ. ಹೊಲಗಳೆಲ್ಲ ಹಿಂದೆ ಸರಿದವು, ವಾಸನೆ ಮಾತ್ರ ನನ್ನ ಜೊತೆಗೇ ಬರುತ್ತಿತ್ತು. ಎಷ್ಟು ಆಕ್ಸಿಲರೇಟರ್ ತಿರುವಿದರೂ ಬೈಕು ಮುಂದೆ ಹೋಗಲೊಲ್ಲದು, ಯಾರೋ ಹಿಂದಿನಿಂದ ಸೀರೆಯ ಸೆರಗು ಹಿಡಿದು ಜಗ್ಗಿದ ಹಾಗೆ. ರಸ್ತೆ ಬದಿಗೆ ನಿಲ್ಲಿಸಿ ಇಳಿದು ನೋಡಿದರೆ ಮುಂದಿನ ಚಕ್ರದ ಡಿಸ್ಕಿನಿಂದ ಬಿಸಿ ಮುಖಕ್ಕೇ ಹೊಡೆಯುತ್ತಿತ್ತು. ಬಾಟಲಿಯ ನೀರು ಸುರಿದೆ. ಒಗ್ಗರಣೆಗೆ ನೀರು ಬಿದ್ದ ಹಾಗೆ ಚುಂಯ್ ಎಂದಿತು. ಬ್ರೇಕ್ ಹಿಡಿಯದೇ ಇದ್ದರೂ ಬ್ರೇಕು ತಾನಾಗಿಯೇ ಚಕ್ರವನ್ನು ಹಿಡಿದುಕೊಂಡು ಕೂತಿತ್ತು.

ಆ ದಿನ ಗುಂಡ್ಲುಪೇಟೆಯ ಆಸ್ಪತ್ರೆಗೆ ತಲುಪುವಾಗ ಒಂಬತ್ತೂವರೆ ದಾಟಿತ್ತು. ನಾನು ಅಲ್ಲಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದವರು ಖಾಲಿ ಹೊಟ್ಟೆಯಲ್ಲಿ ಬಾಗಿಲ ಮುಂದೆ ಸಾಲಾಗಿ ಕುಳಿತಿದ್ದರು. ಹಸಿದವರ ಬಾಯಿಗೆ ಸಿಕ್ಕುವುದು ಅಂದರೇನು ಎಂದು ನನಗೆ ಗೊತ್ತಾಯಿತು. ನಾನೂ ತಿಂಡಿ ತಿಂದಿರಲಿಲ್ಲ ಎಂದು ಯಾರಿಗೆ ಹೇಳಲಿ? ಕೈಯ ಮಸಿ ತೊಳೆದುಕೊಂಡು, ಗ್ಲೌಸ್ ಹಾಕಿಕೊಂಡು, ಹಲ್ಲು ಕಚ್ಚಿಕೊಂಡು ಸೂಜಿ ಹಿಡಿದೆ.

ಬೈಕು ಮೊದಲು ನಮ್ಮ ಯಜಮಾನರದು. ಅವರಿಗೆ ಬೆನ್ನುನೋವು ಶುರುವಾಗಿ ಸ್ಕೂಟರಿಗೆ ಹೋದ ಮೇಲೆ ಇದು ನನ್ನ ಪಾಲಿಗೆ ಬಂತು. ಹರದನಹಳ್ಳಿ ಹತ್ತಿರದ ನಮ್ಮ ಮನೆಯಿಂದ ಬಸ್ಸಿಗೆ ಹೊರಟರೆ ಮೊದಲು ಚಾಮರಾಜನಗರ, ಅಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು, ಅದು ಹೊರಟು, ನಡುನಡುವೆ ನಿಂತು ಗುಂಡ್ಲುಪೇಟೆ ಸೇರುವಾಗ ನನ್ನ ಅರ್ಧ ಕೆಲಸ ಮುಗಿದಿರಬೇಕಾದ ಹೊತ್ತಾಗುತ್ತದೆ. ಮನೆ ಕೆಲಸ ಮುಗಿಸಿ, ಬುತ್ತಿ ಕಟ್ಟಿ, ಹೊತ್ತಿಗೆ ಸರಿಯಾಗಿ ಲ್ಯಾಬಿನ ಬಾಗಿಲು ತೆಗೆಯಬೇಕಾದರೆ ಬೈಕೇ ಗತಿ. ಅದಕ್ಕಿಂತ ಹೆಚ್ಚಿನ ಮಾತೂ ಒಂದಿದೆ. ಇಡೀ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತು ಅಂದರೆ ಆ ದಾರಿಯ ಹೊತ್ತು. ಅದು ನನಗೆ ಬಹಳ ಇಷ್ಟ.

ಸಂಜೆ ಮನೆಗೆ ಬಂದು ನಡೆದದ್ದು ಹೇಳಿದೆ. ಯಜಮಾನರು ಟಿವಿಯಿಂದ ಕಣ್ಣು ತೆಗೆಯದೆ ಗಾಡಿಗೆ ವಯಸ್ಸಾಯಿತು ಅಂದರು. ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಮಾರಿಬಿಡುವುದು ಎಂದರು. ಪುಣಜನೂರಿನಲ್ಲಿರುವ ಅವರ ದೊಡ್ಡಮ್ಮನ ಮಗ ಬಹಳ ದಿನದಿಂದ ಈ ಬೈಕಿನ ಮೇಲೆ ಕಣ್ಣಿಟ್ಟಿದ್ದ. ಹಾಗಾದರೆ ನನ್ನ ಡ್ಯೂಟಿ ಎಂದು ಕೇಳಿದೆ. ಬಸ್ಸಿದೆಯಲ್ಲ ಅಂದರು. ಬಸ್ಸಾಗದಿದ್ದರೆ ಕೆಲಸ ಬಿಟ್ಟರಾಯಿತು ಎನ್ನುವುದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆ ಮಾತು ನಮ್ಮ ಮನೆಯಲ್ಲಿ ನಾನು ಮದುವೆಯಾಗಿ ಬಂದಾಗಿನಿಂದ ಎಲ್ಲೋ ಒಂದು ಮೂಲೆಯಲ್ಲಿ ಕೂತೇ ಇದೆ. ಗಾಡಿಯ ಕಾಗದ ಅವರ ಹೆಸರಿನಲ್ಲಿದೆ. ಮಾರಲು ನನ್ನನ್ನು ಕೇಳಬೇಕಾಗಿಯೂ ಇರಲಿಲ್ಲ.

ಮೊದಲು ಚಾಮರಾಜನಗರದ ಮೆಕ್ಯಾನಿಕ್ ಹತ್ತಿರ ಹೋದೆ. ಆತ ನನ್ನ ಮಾತು ಪೂರ್ತಿ ಕೇಳುವ ಮೊದಲೇ ನಮ್ಮ ಯಜಮಾನರಿಗೆ ಫೋನು ಹಚ್ಚಿದ. ಗಾಡಿ ಓಡಿಸುವವಳು ಎದುರಿಗೇ ನಿಂತಿದ್ದಾಳೆ, ಈತ ಸ್ಕೂಟರಿನಲ್ಲಿ ಓಡಾಡುವವರನ್ನು ಬ್ರೇಕು ಹೇಗೆ ಹಿಡಿಯುತ್ತೆ ಅಣ್ಣಾ ಎಂದು ಕೇಳುತ್ತಿದ್ದಾನೆ. ಏನೋ ಬಿಚ್ಚಿದ, ಏನೋ ಊದಿದ, ಸರಿಹೋಯಿತು ಮೇಡಂ ಅಂದ. ಮುಂದಿನ ವಾರ ಮತ್ತೆ ಅದೇ ವಾಸನೆ. ಈ ಸಲ ದಾರಿಯಲ್ಲಿ ನಿಲ್ಲಲಿಲ್ಲ, ಹೇಗೋ ಮೆಲ್ಲಗೆ ದೂಡಿಕೊಂಡು ಹೋಗಿ ಮೆಲ್ಲಗೆ ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇನ್ನು ಇವನ ಸಹವಾಸ ಸಾಕು, ನಾನೇ ಮಾಡುತ್ತೇನೆ ಎಂದು ಹಟ ಹುಟ್ಟಿತು. ಲ್ಯಾಬಿನಲ್ಲಿ ರಕ್ತ ಗಿರಗಿರ ತಿರುಗಿಸುವ ಮಿಷನ್ನು ಕೈ ಕೊಟ್ಟಾಗ ಬಿಚ್ಚಿ ಒರೆಸಿ ಕೂಡಿಸುವವಳು ನಾನೇ. ಒಂದು ಬ್ರೇಕು ಅದಕ್ಕಿಂತ ದೊಡ್ಡದೇ?

ದೊಡ್ಡದಲ್ಲ, ಆದರೆ ಅದಕ್ಕಿಂತ ಹಟಮಾರಿ. ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿ, ಫೋನಿನಲ್ಲಿ ವಿಡಿಯೊ ಹಚ್ಚಿ ಕೂತೆ. ಡಿಸ್ಕನ್ನು ಎರಡೂ ಕಡೆಯಿಂದ ಅಮುಕುವ ಕಬ್ಬಿಣದ ಗೂಡೊಂದು ಇರುತ್ತದೆ, ಅದನ್ನು ಕ್ಯಾಲಿಪರ್ ಅನ್ನುತ್ತಾರೆ. ಅದು ಎರಡು ಪಿನ್ನುಗಳ ಮೇಲೆ ಅತ್ತಿತ್ತ ಸರಿದಾಡಬೇಕು. ಲಿವರ್ ಬಿಟ್ಟ ತಕ್ಷಣ ಸರಿದು ಚಕ್ರವನ್ನು ಬಿಡಬೇಕು. ಪಿನ್ನು ಕಚ್ಚಿಕೊಂಡರೆ ಅದು ಸರಿಯುವುದಿಲ್ಲ, ಚಕ್ರವನ್ನು ಬಿಡುವುದೂ ಇಲ್ಲ. ವಿಡಿಯೊದ ಮನುಷ್ಯ ಎರಡು ಬೋಲ್ಟುಗಳನ್ನು ಹೂ ಬಿಡಿಸಿದ ಹಾಗೆ ಬಿಚ್ಚಿದ. ನನ್ನ ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಒನಕೆ ಸಿಕ್ಕಿಸಿ, ಅದರ ಮೇಲೆ ಕಾಲಿಟ್ಟು ತುಳಿದ ಮೇಲೆ ಟಕ್ಕೆಂದು ಬಿಟ್ಟುಕೊಂಡಿತು. ನಾನೂ ಒನಕೆಯೂ ಒಟ್ಟಿಗೇ ನೆಲಕ್ಕೆ ಬಿದ್ದೆವು.

ಒಳಗೆ ಕಪ್ಪು ಕಪ್ಪಾಗಿ ಜಿಡ್ಡು ಕಟ್ಟಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಬೆರಳುಗಳ ಸಂದಿಯೆಲ್ಲ ಒಡೆಯಿತು. ಪಿನ್ನುಗಳನ್ನು ಮಿರಮಿರ ಮಾಡಿ, ಬ್ರೇಕಿಗೆಂದೇ ಬರುವ ಗ್ರೀಸನ್ನು ಉಗುರಿನ ತುದಿಯಷ್ಟೇ ಸವರಿ, ಅವುಗಳ ರಬ್ಬರ್ ಟೋಪಿಗಳನ್ನು ಹೊಸದು ಹಾಕಿದೆ. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ಒಂದು ಪಾರದರ್ಶಕ ನಳಿಕೆ ಬೇಕೆಂದು ವಿಡಿಯೊದಲ್ಲಿ ಹೇಳಿದ್ದರು. ಅವಧಿ ಮುಗಿದು ಎಸೆಯಲು ಇಟ್ಟಿದ್ದ ಡ್ರಿಪ್ ಸೆಟ್ಟೊಂದನ್ನು ಆಸ್ಪತ್ರೆಯಿಂದ ಕೇಳಿ ತಂದಿದ್ದೆ. ಬೈಕಿಗೆ ಡ್ರಿಪ್ ಹಾಕಿದ್ದಾಳೆ ಎಂದು ಯಜಮಾನರು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದರು. ಒಂದು ಸ್ಪ್ಯಾನರ್ ಎತ್ತಿ ಕೊಡಿ ಅಂದರೆ ಬಗ್ಗಲಾಗದಷ್ಟು ಬೆನ್ನುನೋವು, ಫೋಟೊ ತೆಗೆಯಲು ಕುಕ್ಕರಗಾಲಲ್ಲಿ ಕೂರುವಷ್ಟು ಹುಷಾರು.

ಅವತ್ತು ಪೂರ್ತಿ ನನ್ನ ಪಕ್ಕದಲ್ಲಿ ಕೂತಿದ್ದವರು ನಮ್ಮ ಅತ್ತೆ. ಜಗಲಿಯ ಅಂಚಿನಲ್ಲಿ ಅವರೆಕಾಯಿ ಸುಲಿಯುತ್ತಾ ನನ್ನ ಕೈಯನ್ನೇ ನೋಡುತ್ತಿದ್ದರು. ಮಾತು ಕಡಿಮೆ ಅವರದು. ಇದೇನು, ಅದೇನು ಎಂದು ಒಂದೆರಡು ಸಲ ಕೇಳಿದರು. ಎಲ್ಲಿ ಕಚ್ಚಿಕೊಂಡಿತ್ತು ಎಂದು ಕೇಳಿದರು. ಪಿನ್ನು ತೋರಿಸಿದೆ. ಅದಕ್ಕೆ ಹಚ್ಚುತ್ತಿರುವುದೇನು ಎಂದು ಕೇಳಿದರು. ಎಣ್ಣೆಯ ಥರ ಅತ್ತೆ, ಸರಾಗವಾಗಿ ಸರಿಯಲಿ ಅಂತ ಹಚ್ಚುವುದು ಎಂದೆ. ಅವರು ಅದಕ್ಕೆ ತಲೆಯಾಡಿಸಿದರು, ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಅತ್ತೆಯ ಸೋಮವಾರದ ಬಗ್ಗೆ ಇಲ್ಲಿ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವನ ದಿನ. ಮಾವ ಇದ್ದಾಗ ಆ ದಿನ ಬೆಳಗಾಗುತ್ತಲೇ ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹಣೆಗೆ ವಿಭೂತಿ ಬಳಿದು, ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಅತ್ತೆಯ ಕೆಲಸವಾಗಿತ್ತಂತೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದರೆ ಕೀಲೆಣ್ಣೆ. ಮಾವ ತೀರಿಕೊಂಡ ಮೇಲೆ ಎತ್ತುಗಳನ್ನು ಮಾರಿದರು, ಬಂಡಿಯನ್ನೂ ಕೊಟ್ಟರು. ಅತ್ತೆಯ ಸೋಮವಾರ ಮಾತ್ರ ನಿಲ್ಲಲಿಲ್ಲ. ಎತ್ತು ಹೋದ ಜಾಗದಲ್ಲಿ ಬೈಕು ನಿಲ್ಲುತ್ತಿತ್ತು, ಅದನ್ನೇ ತೊಳೆಯಲು ಶುರು ಮಾಡಿದರು. ನಾನು ಒಲೆಯ ಮುಂದೆ ಇರುವಾಗಲೇ ಗಾಡಿ ಒರೆಸಿ, ಹೆಡ್‌ಲೈಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಒಂದು ಹೂವು ಸಿಕ್ಕಿಸಿ ಇಟ್ಟಿರುತ್ತಿದ್ದರು. ಈ ಬಸವನಿಗೆ ಸೋಮವಾರ ರಜೆ ಇರಲಿಲ್ಲ ಅಷ್ಟೆ. ವಿಭೂತಿ ಬಳಿದುಕೊಂಡು ಆಸ್ಪತ್ರೆಗೆ ಬರುವ ಬೈಕನ್ನು ಕಂಡು ಅಲ್ಲಿನವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನನ್ನ ರಿಪೇರಿ ಆದ ಮೇಲೆ ಸೋಮವಾರ ಗಾಡಿ ಬೆಣ್ಣೆಯ ಹಾಗೆ ಹೋಯಿತು. ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ಬೇಕೆಂದೇ ಹಾರ್ನ್ ಹೊಡೆದು ಹೋದೆ. ಬುಧವಾರ ಸಂಜೆ ಬರುವಾಗ ಮತ್ತೆ ಆ ಸುಟ್ಟ ವಾಸನೆ. ನನಗೆ ತಲೆ ಕೆಟ್ಟುಹೋಯಿತು. ಗಾಡಿ ನಿಲ್ಲಿಸಿ, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿ, ಚಕ್ರಕ್ಕೆ ಕಾಲಿನಿಂದ ಒದ್ದೆ. ನೋವಾದದ್ದು ನನ್ನ ಹೆಬ್ಬೆರಳಿಗೆ.

ಮುಂದಿನ ಭಾನುವಾರ ಮತ್ತೆ ಬಿಚ್ಚಿದೆ. ಪಿನ್ನುಗಳ ಸುತ್ತ ಕರ್ರಗೆ, ಗಟ್ಟಿಯಾಗಿ, ಹಲ್ವಾ ತಳ ಹಿಡಿದ ಹಾಗೆ ಏನೋ ಅಂಟಿತ್ತು. ನಾನು ಸವರಿದ್ದು ಉಗುರಿನ ತುದಿಯಷ್ಟು ಗ್ರೀಸು, ಇಲ್ಲಿ ಸಿಕ್ಕಿದ್ದು ಚಮಚದಷ್ಟು ಕರಿ. ಗ್ರೀಸು ಡೂಪ್ಲಿಕೇಟು, ಬಿಸಿಗೆ ಸುಟ್ಟು ಉಬ್ಬಿದೆ ಎಂದು ನನಗೆ ನಾನೇ ತೀರ್ಮಾನಿಸಿದೆ. ಚಾಮರಾಜನಗರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಜಗಳವಾಡಿದೆ. ಅಂಗಡಿಯವರು ಫಿಟ್ಟಿಂಗ್ ಮಾಡಿದ್ದು ಯಾರು ಎಂದು ಕೇಳಿದರು. ನಾನೇ ಅಂದೆ. ಅವರು ಅದಕ್ಕೆ ಓಹೋ ಎಂದ ರೀತಿಗೆ ಇನ್ನೊಂದು ಜಗಳ ಆಡಬೇಕಾಗಿತ್ತು, ಹೊತ್ತಾಗಿತ್ತು. ಬೇರೆ ಟ್ಯೂಬು ಕೊಟ್ಟು ಕಳಿಸಿದರು.

ಬೇರೆ ಟ್ಯೂಬಿನ ಗ್ರೀಸು ಹಾಕಿದರೂ ಅದೇ ಕತೆ. ಆಗ ನನಗೆ ಹೊಳೆದದ್ದು ನನ್ನ ಕಸುಬಿನ ದಾರಿ. ಪಿನ್ನಿನ ಮೇಲಿನ ಕರಿಯನ್ನು ಬ್ಲೇಡಿನಿಂದ ಕೆರೆದು, ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆ. ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಗಾಜಿನ ಪಟ್ಟಿಯ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಜಿಡ್ಡಿನ ನಡುವೆ ಗೆರೆಗೆರೆಯಾದ ಚೂರುಗಳು. ಹುಲ್ಲು. ಸುಟ್ಟ ಹುಲ್ಲಿನ ಚೂರುಗಳು. ಬ್ರೇಕಿನೊಳಗೆ ಹುಲ್ಲು ಹೇಗೆ ಬರುತ್ತದೆ? ಒಂದು ನಿಮಿಷ ಯೋಚಿಸಿದೆ, ಗೊತ್ತಾಗಿಹೋಯಿತು ಅಂದುಕೊಂಡೆ. ಅದು ಸುಗ್ಗಿಯ ಕಾಲ. ದಾರಿಯುದ್ದಕ್ಕೂ ಹುರುಳಿ, ರಾಗಿಯ ತೆನೆಗಳನ್ನು ಟಾರು ರಸ್ತೆಯ ಮೇಲೆ ಹರಡಿರುತ್ತಾರೆ, ಹೋಗಿ ಬರುವ ಲಾರಿ, ಬಸ್ಸುಗಳೇ ತುಳಿದು ಒಕ್ಕಣೆ ಮಾಡಿಕೊಡಲಿ ಎಂದು. ನನ್ನ ಬೈಕೂ ದಿನಾ ಅದರ ಮೇಲೆ ಹಾದು ಪುಕ್ಕಟೆ ಕೂಲಿ ಮಾಡುತ್ತಿತ್ತು. ಆ ಹುಲ್ಲೇ ಚಕ್ರಕ್ಕೆ ಸುತ್ತಿಕೊಂಡು ಒಳಗೆ ಸೇರಿ ಸುಡುತ್ತಿದೆ.

ಅವತ್ತು ಸಂಜೆ ರಸ್ತೆಯಲ್ಲಿ ಹುರುಳಿ ಹರಡುತ್ತಿದ್ದ ಹೆಂಗಸೊಬ್ಬರ ಹತ್ತಿರ ನಿಲ್ಲಿಸಿ, ನಿಮ್ಮ ಹುಲ್ಲಿನಿಂದ ನನ್ನ ಬ್ರೇಕು ಕೆಟ್ಟಿದೆ ಎಂದು ದಬಾಯಿಸಿದೆ. ಅವರು ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಷ್ಟು ಗಾಡಿ ಓಗ್ತಾವೆ, ನಿಂದೊಂದಕ್ಕೆ ಮಾತ್ರ ಉಲ್ಲು ಸುತ್ಕತದಾ ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಆದರೆ ಆಗ ನನ್ನ ಮೂಗಿನ ತುದಿಯಲ್ಲಿದ್ದ ಸಿಟ್ಟಿಗೆ ಸರಿಯಾದ ಪ್ರಶ್ನೆ ಬೇಕಾಗಿರಲಿಲ್ಲ. ಅಲ್ಲಿಂದ ಮುಂದೆ ಹುಲ್ಲು ಕಂಡಲ್ಲೆಲ್ಲ ಇಳಿದು, ಗಾಡಿಯನ್ನು ರಸ್ತೆಯ ಅಂಚಿಗೆ ತಳ್ಳಿಕೊಂಡು ಹೋದೆ. ಮನೆಗೆ ಬರುವಾಗ ಕತ್ತಲಾಗಿತ್ತು.

ಹೊತ್ತು ಮೀರಿ ಬಂದದ್ದಕ್ಕೆ ಕಾರಣ ಹೇಳಲೇಬೇಕಾಯಿತು. ಯಜಮಾನರು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಜಗಳವಾಡಬಹುದಿತ್ತು. ಫೋನು ತೆಗೆದುಕೊಂಡು ಪುಣಜನೂರಿಗೆ ಮಾತಾಡಿ, ಸೋಮವಾರ ಸಂಜೆ ಬಂದು ಗಾಡಿ ನೋಡಿಕೊಂಡು ಹೋಗು ಎಂದು ಹೇಳಿ, ತಟ್ಟೆಯ ಮುಂದೆ ಕೂತರು. ನಾನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಭಾನುವಾರ ಒಂದೇ ದಿನ ನನ್ನ ಕೈಯಲ್ಲಿ ಉಳಿದದ್ದು.

ಆ ಭಾನುವಾರ ನಾನು ಊಟಕ್ಕೂ ಏಳಲಿಲ್ಲ. ಕ್ಯಾಲಿಪರನ್ನು ಪೂರ್ತಿ ಬಿಚ್ಚಿ, ಪಿಸ್ಟನ್ ಹೊರತೆಗೆದು, ಒಳಗಿನ ರಬ್ಬರ್ ಬಳೆಗಳನ್ನು ಬದಲಾಯಿಸಿ, ಪ್ರತಿಯೊಂದು ಸಂದಿಯನ್ನೂ ಕಿವಿ ಶುಚಿ ಮಾಡುವ ಕಡ್ಡಿಯಲ್ಲಿ ಒರೆಸಿ, ಗ್ರೀಸು ಸವರಿ ಕೂಡಿಸಿದೆ. ಚಕ್ರ ಎತ್ತಿ ಬೆರಳಿನಿಂದ ತಿರುಗಿಸಿದರೆ ನಿಲ್ಲುವುದನ್ನೇ ಮರೆತ ಹಾಗೆ ತಿರುಗುತ್ತಿತ್ತು. ಅತ್ತೆ ಎರಡು ಸಲ ಕಾಫಿ ತಂದಿಟ್ಟರು. ಎರಡನೆಯ ಲೋಟ ಇಡುವಾಗ ಗಾಡಿ ಕೊಟ್ಬುಟ್ಟಾನಾ ಎಂದು ಮೆಲ್ಲಗೆ ಕೇಳಿದರು. ನಾಳೆ ಸಂಜೆ ಬರುತ್ತಾರೆ ಅಂದೆ. ಮೊದಲಿನ ಲೋಟ ಎತ್ತಿಕೊಂಡು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ನಲ್ಲಿಯಲ್ಲಿ ನೀರು ನಿಂತಿತು. ಮೋಟರ್ ಹಾಕಲು ಹಿತ್ತಿಲ ಬಾಗಿಲಿನಿಂದ ಅಂಗಳಕ್ಕೆ ಬಂದೆ. ಬೈಕು ಆಗಲೇ ಮಿಂದು, ವಿಭೂತಿ ಧರಿಸಿ ನಿಂತಿತ್ತು. ಅತ್ತೆ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಹಳೆಯ ಬಿದಿರಿನ ಗೊಟ್ಟ, ಬಂಡಿಗೆ ಎಣ್ಣೆ ಹಾಕುತ್ತಿದ್ದ ಕೊಳವೆ. ಪೊರಕೆಯ ಕಡ್ಡಿಯನ್ನು ಅದರೊಳಗೆ ಅದ್ದಿ, ಪಿನ್ನಿನ ರಬ್ಬರ್ ಟೋಪಿಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ, ಒಳಗೆ ಕರ್ರಗಿನದೇನನ್ನೋ ತುಂಬುತ್ತಿದ್ದರು. ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಜೋಪಾನವಾಗಿ. ಡಿಸ್ಕಿಗೆ ಒಂದು ಹನಿಯೂ ತಾಗದ ಹಾಗೆ ಕೆಳಗೆ ಬಟ್ಟೆಯ ಚೂರೊಂದನ್ನು ಹಿಡಿದಿದ್ದರು. ಹರಳೆಣ್ಣೆಯ ವಾಸನೆ. ನಾನು ರಿಪೇರಿ ಮಾಡಿದಾಗಿನಿಂದ ದಾರಿಯುದ್ದಕ್ಕೂ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದದ್ದು ಅದೇ, ಸುಟ್ಟುಕೊಂಡು.

ನಾನು ಏನು ಮಾಡುತ್ತಿದ್ದೀರಿ ಎಂದು ಕೇಳಿದೆನೋ ಕೂಗಿದೆನೋ ಗೊತ್ತಿಲ್ಲ. ಅತ್ತೆ ಬೆಚ್ಚಿ ತಿರುಗಿದರು. ಆಮೇಲೆ ಏನೂ ತಪ್ಪಿಲ್ಲದವರ ಹಾಗೆ ಶಾಂತವಾಗಿ ಹೇಳಿದರು.

"ನೀನು ಇಲ್ಲೇ ಅಲ್ವಾ ಅಚ್ಚಿದ್ದು? ಉಗುರಷ್ಟು ಅಚ್ಚಿದ್ರೆ ಎಲ್ಲಿಗ್ ಸಾಕಾಯ್ತದೆ ಕಣಮ್ಮಿ, ಅಷ್ಟ್ ದೂರ ಓಗೋ ಗಾಡಿಗೆ. ಅದ್ಕೇ ನಾನು ವಾರವಾರ ತುಂಬ್ತಾ ಇವ್ನಿ."

ವಾರವಾರ. ಒಂದೊಂದು ಭಾನುವಾರವೂ ನಾನು ಬೆನ್ನು ಮುರಿದುಕೊಂಡು ತೆಗೆದದ್ದನ್ನು ಸೋಮವಾರ ಇವರು ಮತ್ತೆ ತುಂಬಿದ್ದಾರೆ. ಕೀಲೆಣ್ಣೆ ಬಂಡಿಯ ಅಚ್ಚಿಗೆ ಸರಿ. ಬ್ರೇಕಿನ ಕಾವಿಗೆ ಅದು ಒಂದೆರಡು ದಿನದಲ್ಲಿ ಬೆಂದು ಅಂಟಾಗಿ, ಸರಿಯಬೇಕಾದದ್ದನ್ನೇ ಹಿಡಿದುಕೊಂಡು ಕೂರುತ್ತಿತ್ತು. ಅಂಗಡಿಯವರ ಜೊತೆ ಜಗಳ, ಹುರುಳಿಯವರ ಜೊತೆ ಜಗಳ, ಖಾಲಿ ಹೊಟ್ಟೆಯವರ ಬೈಗುಳ, ಇವತ್ತು ಸಂಜೆ ಗಾಡಿಯೇ ಹೋಗುವುದು, ಎಲ್ಲ ಒಟ್ಟಿಗೆ ತಲೆಗೆ ಏರಿತು. ನಿಮಗೂ ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು ಅಂತಲೇ ಇತ್ತಾ ಎಂದು ಕೇಳಿದೆ. ಅದು ಸುಳ್ಳೆಂದು ಕೇಳುವಾಗಲೇ ನನಗೆ ಗೊತ್ತಿತ್ತು. ಆದರೂ ನಿಲ್ಲಿಸಲಿಲ್ಲ.

"ನಿಮಗೆ ಕೈ ಮುಗೀತೀನಿ ಅತ್ತೆ, ಇನ್ಮೇಲೆ ನನ್ನ ಗಾಡಿ ಮುಟ್ಟಬೇಡಿ."

ಅವರು ಕಡ್ಡಿಯನ್ನು ಗೊಟ್ಟದೊಳಗೆ ಹಾಕಿದರು. ಕೈಯ ಮಸಿಯನ್ನು ಬಟ್ಟೆಯ ಚೂರಿಗೆ ಒರೆಸಿಕೊಂಡು, ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಒಳಗೆ ಹೋದರು. ನಾನು ಆಸ್ಪತ್ರೆಗೆ ಫೋನು ಮಾಡಿ ರಜೆ ಹೇಳಿ, ಮತ್ತೆ ಗೋಣಿಚೀಲ ಹಾಸಿ, ಮತ್ತೆ ಅದೇ ಎರಡು ಬೋಲ್ಟುಗಳನ್ನು ಬಿಚ್ಚಿದೆ. ಈಗ ಅವು ಕೈಯಲ್ಲೇ ಬಿಟ್ಟುಕೊಳ್ಳುತ್ತಿದ್ದವು, ಅಷ್ಟು ಸಲ ಬಿಚ್ಚಿದ್ದೆ.

ಸಂಜೆ ಪುಣಜನೂರಿನವನು ಬಂದ. ಬೈಕಿನ ಸುತ್ತ ಎರಡು ಸುತ್ತು ಹಾಕಿ, ಟೈರಿಗೆ ಕಾಲಿನಿಂದ ತಟ್ಟಿ, ಹೆಣ್ಣು ನೋಡಲು ಬಂದವರ ಹಾಗೆ ಮುಖ ಗಂಟಿಕ್ಕಿಕೊಂಡು ನಿಂತ. ಬ್ರೇಕು ಈಗ ಸರಿಯಾಗಿದೆ, ಗಾಡಿಯದೇನೂ ತಪ್ಪಿಲ್ಲ ಎಂದು ನಾನು ಯಜಮಾನರಿಗೆ ಹೇಳಿದೆ. ಪ್ರತಿ ಸಲವೂ ಸರಿಯಾಗಿದೆ ಅಂತಲೇ ಹೇಳ್ತೀಯ ಅಂದರು. ಏನಾಗಿತ್ತು ಹೇಳು ಅಂದರು. ಬೇರೆ ಎಣ್ಣೆ ಸೇರಿಬಿಟ್ಟಿತ್ತು ಎಂದೆ. ಯಾರು ಸೇರಿಸಿದ್ದು ಎಂದು ಕೇಳಿದರು. ಬೆಳಗಿನ ಸಿಟ್ಟು ನನ್ನಲ್ಲಿ ಇನ್ನೂ ಇತ್ತು, ಆದರೆ ಆ ಪುಣಜನೂರಿನವನ ಎದುರಿಗೆ ಅತ್ತೆಯ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಯಜಮಾನರು ಕಾಗದ ತರಲೆಂದು ಒಳಗೆ ತಿರುಗಿದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ನಾನೇ ಕಣ್ಲಾ. ಕೀಲೆಣ್ಣೆ ತುಂಬ್ಬುಟ್ಟೆ. ಗಾಡಿ ಕೆಟ್ಟಿಲ್ಲ. ಎತ್ತ ಮಾರುವಾಗ್ಲೂ ನನ್ನ ಒಂದ್ ಮಾತ್ ಕೇಳ್ನಿಲ್ಲ ನೀನು. ಇದ ಮಾರ್ಬ್ಯಾಡ."

ಯಜಮಾನರಿಗೆ ನಗು ಉಕ್ಕಿತು. ಡಿಸ್ಕ್ ಬ್ರೇಕಿಗೆ ಕೀಲೆಣ್ಣೆಯೇನವ್ವಾ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಣಜನೂರಿನವನೂ ಸೇರಿಕೊಂಡ. ಇನ್ನು ಟೈರಿಗೆ ಲಾಳ ಹೊಡೆಸಿ ಅಂದ. ಅತ್ತೆ ನಗಲಿಲ್ಲ, ಅಳಲೂ ಇಲ್ಲ, ಬಾಗಿಲಿನಿಂದ ಸರಿಯಲೂ ಇಲ್ಲ. ನಗು ಮುಗಿಯುವವರೆಗೂ ಅಲ್ಲೇ ನಿಂತಿದ್ದರು. ಅವರನ್ನು ದಾಟಿ ಒಳಗೆ ಹೋಗಿ ಕಾಗದ ತರುವುದು ಯಜಮಾನರಿಗೆ ಆಗಲಿಲ್ಲ. ಇರಲಿ ಬಿಡು, ಇನ್ನೊಂದಷ್ಟು ದಿನ ನೋಡೋಣ ಎಂದು ಅವನಿಗೆ ಕಾಫಿ ಕುಡಿಸಿ ಕಳಿಸಿದರು. ಗಾಡಿ ಉಳಿಯಿತು.

ಬ್ರೇಕು ಮತ್ತೆ ಹಿಡಿಯಲಿಲ್ಲ. ಒಂದು ವಾರ ಕಳೆಯಿತು, ಎರಡಾಯಿತು. ರಸ್ತೆಯ ಮೇಲಿನ ಹುರುಳಿಯನ್ನು ತುಳಿದುಕೊಂಡೇ ಹೋಗಿ ಬರುತ್ತಿದ್ದೆ, ಏನೂ ಆಗಲಿಲ್ಲ. ಯಜಮಾನರು ಮಾರುವ ಮಾತು ಬಿಟ್ಟರು. ಆದರೆ ಕೀಲೆಣ್ಣೆಯ ಕತೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಗುವುದನ್ನು ಬಿಡಲಿಲ್ಲ. ಅತ್ತೆ ಕೇಳಿಯೂ ಕೇಳದವರ ಹಾಗೆ ಒಳಗೆ ಹೋಗಿಬಿಡುತ್ತಿದ್ದರು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಉಪ್ಪು ಸಾಕೇನೋ ನೋಡು, ಹಾಲು ಉಕ್ಕುತ್ತದೆ ನೋಡು ಎಂದು ಎಂದಿನ ಹಾಗೇ ಇದ್ದರು. ಅದರಿಂದಾಗಿ ನಾನು ಬೇಗ ಗಮನಿಸಲಿಲ್ಲ.

ಮೂರನೆಯ ಸೋಮವಾರ ಎಂದು ಕಾಣುತ್ತದೆ, ಹೊರಡಲೆಂದು ಅಂಗಳಕ್ಕೆ ಬಂದು ಬೈಕನ್ನು ನೋಡಿದೆ. ಟ್ಯಾಂಕಿನ ಮೇಲೆ ಧೂಳು ಹಾಗೇ ಇತ್ತು. ಹೆಡ್‌ಲೈಟಿನ ಮೇಲೆ ಹಳೆಯ ವಿಭೂತಿಯ ಗೆರೆ ಮಾಸಿ, ಎಲ್ಲೋ ಒಂದು ಚೂರು ಉಳಿದಿತ್ತು. ಹೂವಿರಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದರು. ಅವರ ಕೈ ಮೊರದ ಮೇಲಿತ್ತು, ಬೆನ್ನು ಬೈಕಿನ ಕಡೆಗಿತ್ತು. ಮುಟ್ಟಬೇಡಿ ಎಂದಿದ್ದೆನಲ್ಲ, ಮುಟ್ಟಿರಲಿಲ್ಲ. ನಾನು ಹೇಳಿದ್ದು ಬ್ರೇಕಿನ ಮಾತು, ಎಣ್ಣೆಯ ಮಾತು. ಅಷ್ಟೂ ಅರ್ಥವಾಗುವುದಿಲ್ಲವೇ ಎಂದು ಒಳಗೊಳಗೇ ರೇಗಿತು. ರೇಗಿದರೂ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಅವರ ಮುಂದೆ ಹೋಗಿ ನಿಂತೆ. ಅತ್ತೆ, ಇವತ್ತು ಸೋಮವಾರ, ವಿಭೂತಿ ಇಡಲಿಲ್ಲವಲ್ಲ ಎಂದು ಕೇಳಿದೆ.

ಅವರು ಮೊರ ಕೆಳಗಿಟ್ಟರು. ಮುಖದಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನೀನೇ ಅಂದಲ್ಲವ್ವ, ನನ್ ಗಾಡಿ ಅಂತ. ನಾನು ಇಷ್ಟ್ ದಿನ ನಮ್ಮನೆ ಗಾಡಿ ಅಂದ್ಕಂಡಿದ್ದೆ."

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡರು. ಹಾಗಲ್ಲ ಅತ್ತೆ ಎಂದು ಶುರು ಮಾಡಿ, ಹೆಲ್ಮೆಟ್ಟಿನ ಪಟ್ಟಿ ತಿರುವುತ್ತಾ ನಿಂತೆ. ಈ ಮನೆಯಲ್ಲಿ ಆ ಬೈಕಿಗಾಗಿ, ಅದರ ಮೇಲೆ ಹೋಗಿ ಬರುವ ನನಗಾಗಿ, ಕತ್ತಲಲ್ಲೇ ಎದ್ದು ಕುಕ್ಕರಗಾಲಲ್ಲಿ ಕೂತವರು ಇವರೊಬ್ಬರೇ ಎಂದು ಹೇಳಬೇಕಿತ್ತು. ಅದನ್ನು ಹೇಗೆ ಹೇಳುವುದು? ಗುಂಡ್ಲುಪೇಟೆಯಲ್ಲಿ ಜನ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದರು, ಹೊತ್ತಾಗಿತ್ತು. ಬೈಕು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗೇಟಿನವರೆಗೆ ಮೆಲ್ಲಗೆ ಬಿಟ್ಟುಕೊಂಡು ಹೋಗಿ ಬ್ರೇಕು ಹಿಡಿದು ನೋಡಿದೆ, ಬಿಟ್ಟು ನೋಡಿದೆ. ಚಕ್ರ ಎಲ್ಲೂ ಕಚ್ಚಲಿಲ್ಲ, ನಯವಾಗಿ ಮುಂದೆ ಹೋಯಿತು. ಅದಕ್ಕೂ ನನಗೆ ಸಿಟ್ಟೇ ಬಂತು.